ಮಯೋರ್ಕಾ ದ್ವೀಪದಲ್ಲಿ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್‌ಗೆ ಸೇರಿದ ಮಯೋರ್ಕಾದಲ್ಲಿ ಲಗೇಜು ಕಟ್ಟಿಕೊಂಡು ಊರಿಂದ ಊರಿಗೆ ಸೈಕಲ್ ತುಳಿಯಬೇಕೆಂದಿರುವವರು ಪತ್ರದಲ್ಲಿ, ಫೋನಿನಲ್ಲಿ, ಸವಾರಿ ನಡುವಿನ ಕಾಫಿ ಹೊತ್ತಿನಲ್ಲಿ ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ಎತ್ತರ, ದೂರಗಳನ್ನೆಲ್ಲ ಯೋಜನೆಗೆ ಸಾಕಾಗುವಷ್ಟು ದುಂಡು ಮಾಡಿ ಕೊಟ್ಟಿದ್ದೇವೆ.

## ಹೊರಡುವ ಮುನ್ನ

ದ್ವೀಪ ಎಷ್ಟು ದೊಡ್ಡದು? ಒಂದು ಸುತ್ತು ಹಾಕಬಹುದಾ?

ವಿಸ್ತೀರ್ಣ ಸುಮಾರು 3,640 ಚದರ ಕಿ.ಮೀ., ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ವಾಯವ್ಯ ಕರಾವಳಿಯುದ್ದಕ್ಕೂ ಸುಮಾರು 90 ಕಿ.ಮೀ. ಚಾಚಿಕೊಂಡಿರುವುದು ಸೆರ್ರಾ ದೆ ಟ್ರಮುಂಟಾನಾ ಬೆಟ್ಟಸಾಲು. ಅದರ ಅತಿ ಎತ್ತರದ ಶಿಖರ ಪುಚ್ ಮಜೋರ್, 1,436 ಮೀಟರ್. ನಡುವೆ 'ಎಸ್ ಪ್ಲಾ' ಎನ್ನುವ ಬಯಲು: ಬಾದಾಮಿ, ಅಂಜೂರ, ಕ್ಯಾರಬ್ ಮರಗಳ ತೋಟ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಐದಾರು ಕಿ.ಮೀ.ಗೊಂದು ಹಳ್ಳಿ. ಪೂರ್ವದಲ್ಲಿ ತಗ್ಗು ಗುಡ್ಡಗಳು, ಪುಟ್ಟ ಪುಟ್ಟ ಕಡಲತೀರಗಳು.

ಪೂರ್ತಿ ಸುತ್ತು 300 ಕಿ.ಮೀ. ದಾಟುತ್ತದೆ. 'ಮಯೋರ್ಕಾ 312' ಎನ್ನುವ ಪ್ರಸಿದ್ಧ ಸವಾರಿಗೆ ಆ ಹೆಸರು ಬಂದದ್ದೇ 312 ಕಿ.ಮೀ. ದೂರದಿಂದ, ಅದನ್ನು ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ಲಗೇಜು ಹೊತ್ತವರಿಗೆ ಎಂಟು–ಒಂಬತ್ತು ದಿನ ಬೇಕು.

ಯಾವ ತಿಂಗಳು ಒಳ್ಳೇದು?

ಏಪ್ರಿಲ್ ನಡುವಿನಿಂದ ಮೇ ಕೊನೆವರೆಗೆ. ಎರಡನೇ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಅಕ್ಟೋಬರ್, ನವೆಂಬರಿನಲ್ಲಿ ಮಳೆ ಒಮ್ಮೆಲೇ ಸುರಿಯುತ್ತದೆ. ಬಾದಾಮಿ ಹೂವು ನೋಡಬೇಕೆಂದರೆ ಫೆಬ್ರವರಿಯಲ್ಲೇ ಹೋಗಬೇಕು. ಆದರೆ ಆಗ ಕರಾವಳಿಯ ಎಷ್ಟೋ ಹೋಟೆಲುಗಳಿಗೆ ಬೀಗ, ಬೆಟ್ಟದ ಮೇಲೆ ಬೆರಳು ಮರಗಟ್ಟುವ ಚಳಿ. ಜುಲೈ, ಆಗಸ್ಟ್ ಬೇಡವೇ ಬೇಡ: ಬಯಲಿನಲ್ಲಿ 30 ಡಿಗ್ರಿ ಮೇಲೆ ಬಿಸಿಲು, ರಸ್ತೆ ತುಂಬ ಬಾಡಿಗೆ ಕಾರು.

ಒಂದೇ ದ್ವೀಪ, ಹವೆ ಎರಡು. ದ್ವೀಪದ ರಾಜಧಾನಿ ಪಾಲ್ಮಾ ಸುತ್ತ ವರ್ಷಕ್ಕೆ 400 ಮಿ.ಮೀ. ಆಸುಪಾಸು ಮಳೆ ಬಿದ್ದರೆ ಬೆಟ್ಟದ ಲ್ಯುಕ್ ಕಡೆ 1,000 ಮಿ.ಮೀ. ದಾಟುತ್ತದೆ. ಹೋಟೆಲಿನ ಕಿಟಕಿಯಿಂದ ಕಾಣುವ ಬಿಸಿಲು ನೋಡಿ ಜಾಕೆಟ್ ಬಿಟ್ಟು ಹೊರಟವರು ಮೇಲೆ ನಡುಗುತ್ತಾರೆ.

ವೀಸಾ ಯಾವುದು? ಬೆಂಗಳೂರಿನಿಂದ ನೇರ ವಿಮಾನ ಇದೆಯಾ?

ಷೆಂಗೆನ್ ಅಲ್ಪಾವಧಿ ವೀಸಾ. 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಸೈಕಲ್ ಸವಾರಿಯನ್ನು 'ಸಾಹಸ ಕ್ರೀಡೆ' ಎಂದು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಆ ಸಾಲು ಕೊನೆಯ ಪುಟದಲ್ಲಿ ಅಡಗಿರುತ್ತದೆ. ದಿನಕ್ಕೊಂದು ಊರಿನ ಪ್ರವಾಸವಾದ್ದರಿಂದ ಪ್ರತಿ ರಾತ್ರಿಯ ತಂಗುದಾಣದ ಬುಕಿಂಗ್ ಜೊತೆಗಿಟ್ಟರೆ ಅರ್ಜಿ ಗಟ್ಟಿಯಾಗುತ್ತದೆ.

ನೇರ ವಿಮಾನವಿಲ್ಲ. ಯೂರೋಪಿನ ಯಾವುದಾದರೂ ದೊಡ್ಡ ನಿಲ್ದಾಣದಲ್ಲಿ ಬದಲಿಸಬೇಕು. ಸೈಕಲ್ ಜೊತೆಗಿದ್ದರೆ ಬಾರ್ಸಿಲೋನಾಕ್ಕೆ ಇಳಿದು ರಾತ್ರಿ ಫೆರ್ರಿ ಹಿಡಿಯುವುದು ಜಾಣತನ. ಹಡಗಿನ ಕೆಳ ಅಂತಸ್ತಿನಲ್ಲಿ ಸೈಕಲ್ ಕಟ್ಟಿ ಮೇಲೆ ಮಲಗಿದರೆ ಬೆಳಗಾಗುವಾಗ ಪಾಲ್ಮಾ.

ನಂದಿ ಬೆಟ್ಟ ಆರಾಮಾಗಿ ಹತ್ತುತ್ತೇನೆ. ಅಷ್ಟು ಸಾಕಾ?

ಬರಿ ಸೈಕಲಿಗೆ ಸಾಕು. ನಂದಿಯಂಥದೇ ಒಂದು ಏರನ್ನು 15 ಕಿಲೋ ಲಗೇಜಿನೊಂದಿಗೆ ಹತ್ತಿ, ಊಟ ಮಾಡಿ, ಮತ್ತೊಂದು ಹತ್ತಿ, ಮರುದಿನ ಮತ್ತೆ ಅದನ್ನೇ ಮಾಡಬಲ್ಲಿರಾ ಎಂಬುದು ಇಲ್ಲಿನ ಪರೀಕ್ಷೆ. ಹೊರಡುವ ಎರಡು ತಿಂಗಳ ಮುಂಚಿನಿಂದ ವಾರಕ್ಕೊಮ್ಮೆ ಲಗೇಜು ಕಟ್ಟಿಯೇ ತುಳಿಯಿರಿ. ನೀರಿನ ಬಾಟಲಿ ತುಂಬಿದ ಚೀಲ ಸಾಕು, ಬಟ್ಟೆಯೇ ಬೇಕೆಂದಿಲ್ಲ. ಕೆಲವೊಮ್ಮೆ ಎರಡು ದಿನ ಬೆನ್ನುಬೆನ್ನಿಗೇ ತುಳಿದು ನೋಡಿ. ಕಾಲಿಗಿಂತ ಮೊದಲು ಕೈ ಮಣಿಕಟ್ಟು, ಕುತ್ತಿಗೆ, ಸೀಟು ತಾಗುವ ಜಾಗ ದೂರು ಹೇಳುತ್ತವೆ. ಅದು ಊರಲ್ಲೇ ಗೊತ್ತಾದರೆ ಒಳ್ಳೆಯದು.

ನಮ್ಮ ಸೈಕಲ್ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ?

ಒಂದೇ ಊರಲ್ಲಿ ತಂಗಿ ದಿನಾ ಹೋಗಿ ಬರುವುದಾದರೆ ಬಾಡಿಗೆ. ಅಲ್ಕುದಿಯಾ, ಪೋರ್ಟ್ ದೆ ಪೊಯೆನ್ಸಾ, ಪಾಲ್ಮಾ ಕೊಲ್ಲಿಯ ಊರುಗಳಲ್ಲಿ ಅಂಗಡಿಗಳಿಗೆ ಬರವಿಲ್ಲ. ಲಗೇಜಿನ ಪ್ರವಾಸಕ್ಕೆ ತೊಡಕಿರುವುದು ಬೇರೆ ಕಡೆ: ಬಾಡಿಗೆಗೆ ಸಿಗುವುದು ಬಹುಪಾಲು ಕಾರ್ಬನ್ ರೋಡ್ ಬೈಕ್. ಅದಕ್ಕೆ ಕ್ಯಾರಿಯರ್ ಬಿಗಿಯುವ ತೂತುಗಳಿರುವುದಿಲ್ಲ, ಕಾರ್ಬನ್ ಸೀಟ್‌ಪೋಸ್ಟಿಗೆ ಕ್ಯಾರಿಯರ್ ಕಚ್ಚಿಸಿದರೆ ಬಿರುಕು ಬಿಡುತ್ತದೆ. ಹಾಗಾಗಿ ಬುಕ್ ಮಾಡುವಾಗ ಮೂರು ಸಂಗತಿ ಬರವಣಿಗೆಯಲ್ಲಿ ಕೇಳಿ: ಕ್ಯಾರಿಯರ್ ಇದೆಯೇ, ಅತಿ ಚಿಕ್ಕ ಗೇರು ಎಷ್ಟು ಹಲ್ಲಿನದು, 32 ಮಿ.ಮೀ. ಟೈರ್ ಹಿಡಿಸುತ್ತದೆಯೇ. ನಿಮ್ಮ ಪೆಡಲ್ ಮತ್ತು ಸೀಟನ್ನು ಮಾತ್ರ ಒಯ್ಯಿರಿ. ಎರಡೂ ಸೇರಿ ಒಂದು ಕಿಲೋಗಿಂತ ಕಡಿಮೆ, ಸಿಗುವ ಸುಖ ಬಹಳ.

ಮುಂದಿನ ಬ್ರೇಕ್ ಯಾವ ಕೈಗೆ ಎಂಬುದನ್ನೂ ಹೇಳಿಬಿಡಿ. ಯೂರೋಪಿನಲ್ಲಿ ಮುಂದಿನದು ಸಾಮಾನ್ಯವಾಗಿ ಎಡಗೈಗೆ. ಬಲಗೈ ರೂಢಿಯವರು ಗಾಬರಿಯಲ್ಲಿ ಎಡಗೈ ಜೋರಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರುತ್ತಾರೆ.

ವಿಮಾನಕ್ಕೆ ಸೈಕಲ್ ಪ್ಯಾಕ್ ಮಾಡೋದು ಹೇಗೆ?

ಈ ಕ್ರಮದಲ್ಲಿ ಮಾಡಿ. ಮೊದಲು ಪೆಡಲ್: ಬಲಗಡೆಯದು ಎಂದಿನಂತೆ ಅಪ್ರದಕ್ಷಿಣೆಯಾಗಿ ಬಿಚ್ಚುತ್ತದೆ, ಎಡಗಡೆಯದರ ತಿರುಪು ಉಲ್ಟಾ, ಪ್ರದಕ್ಷಿಣೆಯಾಗಿ ತಿರುಗಿಸಬೇಕು. ಸೀಟ್‌ಪೋಸ್ಟ್ ತೆಗೆಯುವ ಮುಂಚೆ ಅದರ ಎತ್ತರಕ್ಕೆ ಒಂದು ಸುತ್ತು ಟೇಪು ಸುತ್ತಿ. ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರನ್ನು ಅದು ತೂಗುವ ಹ್ಯಾಂಗರಿನಿಂದ ಬಿಚ್ಚಿ, ಬಟ್ಟೆ ಸುತ್ತಿ, ಚೈನ್‌ಸ್ಟೇಯ (ಹಿಂದಿನ ಚಕ್ರದ ಪಕ್ಕದ ಫ್ರೇಮ್ ಕೊಳವೆ) ಒಳಮಗ್ಗುಲಿಗೆ ಕಟ್ಟಿ. ಪೆಟ್ಟಿಗೆಯನ್ನು ಯಾರೋ ಎತ್ತಿ ಹಾಕಿದಾಗ ಮೊದಲು ಬಾಗುವುದು ಇದೇ ಭಾಗ. ಚಕ್ರ ತೆಗೆದ ಮೇಲೆ ಫೋರ್ಕಿನ ತುದಿಗಳ ನಡುವೆ ಪ್ಲಾಸ್ಟಿಕ್ ಅಡ್ಡಪಟ್ಟಿ ಇಡಿ. ಡಿಸ್ಕ್ ಬ್ರೇಕಾದರೆ ಪ್ಯಾಡುಗಳ ನಡುವೆಯೂ ಒಂದು ತುಂಡು ಬೇಕು. ಇಲ್ಲದಿದ್ದರೆ ಲಿವರ್ ಒತ್ತಿಹೋಗಿ ಪಿಸ್ಟನ್‌ಗಳು ಹೊರಬಂದು ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಟೈರ್ ಗಾಳಿಯನ್ನು ಅರ್ಧ ಇಳಿಸಿ.

ಅನಿಲ ತುಂಬಿದ ಕಾರ್ಟ್ರಿಜ್‌ಗಳನ್ನು ಅಲ್ಲೇ ಕೊಳ್ಳಿ. ಇ-ಬೈಕ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ, ವಾದಿಸಿ ಪ್ರಯೋಜನವಿಲ್ಲ.

ಊರಿನ ಹೆಸರುಗಳನ್ನು ಹೇಗೆ ಓದೋದು? ಫಲಕ ನೋಡಿದರೆ ತಲೆ ಕೆಡುತ್ತೆ.

ಫಲಕಗಳು ಕ್ಯಾಟಲಾನ್ ಭಾಷೆಯಲ್ಲಿರುತ್ತವೆ. ಎರಡು ಎಲ್ ಜೊತೆಯಾಗಿ ಬಂದರೆ ಯಕಾರಕ್ಕೆ ಹತ್ತಿರದ ಉಚ್ಚಾರ: ಸೋಯೆರ್, ಪೊಯೆನ್ಸಾ. ಟಿ ಮತ್ತು ಎಕ್ಸ್ ಜೊತೆಯಾದರೆ ಚಕಾರ: ಅಂದ್ರಾಚ್, ಫೆಲಾನಿಚ್. ಶಿಖರಕ್ಕೆ 'ಪುಚ್'. 'ಕೋಲ್' ಕಂಡರೆ ಘಾಟಿ ಅಥವಾ ಕಣಿವೆದಾರಿ, ಅಂದರೆ ಮುಂದೆ ಏರಿದೆ. 'ಕಾಲಾ' ಅಂದರೆ ಪುಟ್ಟ ಕಡಲತೀರ, ಅಲ್ಲಿಗೆ ಇಳಿದದ್ದನ್ನು ಮತ್ತೆ ಹತ್ತಲೇಬೇಕು. 'ಫೋಂಟ್' ಬುಗ್ಗೆ. 'ಕಮಿ' ಚಿಕ್ಕ ರಸ್ತೆ, ನಿಮ್ಮ ದಿನದ ಬಹುಪಾಲು ಅದರ ಮೇಲೇ ಕಳೆಯಲಿ.

## ಬಯಲು

ರಸ್ತೆ ನಿಯಮ ಏನೇನು? ಬಲಗಡೆ ಓಡಿಸೋದು ಕಷ್ಟವಾ?

ನೇರ ರಸ್ತೆಯಲ್ಲಿ ಕಷ್ಟವಿಲ್ಲ. ತಪ್ಪುವುದು ಮೂರು ಕಡೆ: ಬೆಳಗ್ಗೆ ಹೋಟೆಲ್ ಗೇಟಿನಿಂದ ಹೊರಬೀಳುವಾಗ, ಖಾಲಿ ಹಳ್ಳಿರಸ್ತೆಯಲ್ಲಿ ಫೋಟೊಕ್ಕೆ ನಿಂತು ಮತ್ತೆ ಹೊರಡುವಾಗ, ವೃತ್ತಗಳಲ್ಲಿ. ವೃತ್ತವನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು, ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು. ಕನ್ನಡಿ ಬಳಸುವವರು ಅದನ್ನು ಎಡಗಡೆಗೆ ಬದಲಿಸಿಕೊಳ್ಳಿ.

ಊರ ಹೊರಗಿನ ರಸ್ತೆಗಳಲ್ಲಿ ಹೆಲ್ಮೆಟ್ ಕಡ್ಡಾಯ. ಕತ್ತಲಲ್ಲಿ ಮತ್ತು ಸುರಂಗದಲ್ಲಿ ಮುಂದೆ–ಹಿಂದೆ ದೀಪ, ರಾತ್ರಿ ಊರ ಹೊರಗೆ ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಬೇಕು. ಇಬ್ಬರು ಜೊತೆಜೊತೆಯಾಗಿ ತುಳಿಯಬಹುದು. ಹಿಂದಿಕ್ಕುವ ವಾಹನ ಕನಿಷ್ಠ 1.5 ಮೀ. ಅಂತರ ಬಿಡಬೇಕು, ಬಹುತೇಕ ಬಿಡುತ್ತಾರೆ ಕೂಡ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ದಂಡ. ಕುಡಿದು ಓಡಿಸುವವರಿಗಿರುವ ಕಾನೂನು ಸೈಕಲಿಗೂ ಅನ್ವಯ. ತುರ್ತಿಗೆ 112.

ಮ್ಯಾಪ್ ಹೇಳಿದ ದಾರೀಲಿ ಹೋದ್ರೆ ಮೋಟರ್‌ವೇಗೆ ಕರ್ಕೊಂಡು ಹೋಯ್ತು. ಯಾವ ರಸ್ತೆ ಬಿಡಬೇಕು?

ಎಂಎ-1, ಎಂಎ-13, ಎಂಎ-19 ಮೋಟರ್‌ವೇ ಭಾಗಗಳಿಗೆ ಸೈಕಲ್ ಪ್ರವೇಶವಿಲ್ಲ. ನೀಲಿ ಹಲಗೆಯ ಮೇಲೆ ಬಿಳಿ ಮೋಟರ್‌ವೇ ಚಿತ್ರ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಪಾಲ್ಮಾದಿಂದ ಇಂಕಾ ಕಡೆಗೆ ಹಳೆಯ ರಸ್ತೆ ಎಂಎ-13ಎ ಇದೆ. ತುಳಿಯಬಹುದು, ಆದರೆ ಸಪ್ಪೆ. ಸಾಂತಾ ಮರಿಯಾ ಊರಿನಲ್ಲಿ ಅದನ್ನು ಬಿಟ್ಟು ಸೆನ್ಸೆಯೆಸ್, ಸಿನೆವ್, ಪೆತ್ರಾ ಕಡೆಯ ಒಳದಾರಿಗಳಿಗೆ ತಿರುಗಿದರೆ ಬಯಲಿನ ರುಚಿ ಸಿಗುತ್ತದೆ.

ಈ ಒಳದಾರಿಗಳ ಅಗಲ ಒಂದು ಟ್ರ್ಯಾಕ್ಟರಿನಷ್ಟೇ. ಎರಡೂ ಕಡೆ ಎದೆಮಟ್ಟದ ಕಲ್ಲುಗೋಡೆ ಇರುವುದರಿಂದ ತಿರುವಿನಾಚೆ ಏನಿದೆ ಕಾಣುವುದಿಲ್ಲ. ಮಳೆಯ ಮರುದಿನ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಕೆಮ್ಮಣ್ಣು ತಿರುವುಗಳಲ್ಲಿ ಸಾಬೂನಿನಂತೆ ಜಾರುತ್ತದೆ. ಖಾಸಗಿ ದಾರಿ ಎಂಬ ಬೋರ್ಡಿದ್ದರೆ ಮ್ಯಾಪ್ ಏನೇ ಹೇಳಲಿ, ಒಳಗೆ ಹೋಗಬೇಡಿ.

ಮನಕೋರ್‌ನಿಂದ ಅರ್ತಾವರೆಗೆ ಹಳೆಯ ರೈಲುದಾರಿಯನ್ನು 29 ಕಿ.ಮೀ. ಹಸಿರುಪಥವಾಗಿ ಮಾಡಿದ್ದಾರೆ. ಮಣ್ಣು–ಜಲ್ಲಿಯ ನೆಲ, 32 ಮಿ.ಮೀ. ಟೈರಿಗೆ ಸುಲಭ, 25ಕ್ಕೆ ಕಿರಿಕಿರಿ.

ಬಯಲಲ್ಲಿ ಗಾಳಿ ಅಷ್ಟು ಕಾಟ ಕೊಡುತ್ತಾ?

ಕೊಡುತ್ತದೆ. ಬೆಚ್ಚನೆಯ ತಿಂಗಳುಗಳಲ್ಲಿ ಹೊತ್ತೇರಿದಂತೆ ನೆಲ ಕಾದು, ಕಡಲ ಮೇಲಿನ ತಂಪು ಗಾಳಿ ಒಳನಾಡಿಗೆ ನುಗ್ಗುತ್ತದೆ. ಇದಕ್ಕೆ ಅಲ್ಲಿಯವರ ಹೆಸರು 'ಎಂಬಾಟ್'. ಪಾಲ್ಮಾ ಕೊಲ್ಲಿಯಿಂದಲೂ ಅಲ್ಕುದಿಯಾ ಕೊಲ್ಲಿಯಿಂದಲೂ ಬೀಸುತ್ತದೆ, ಸಂಜೆ ಇಳಿಯುತ್ತದೆ. ಬೆಳಗ್ಗೆ ಕಡಲಿನ ಕಡೆಗೆ, ಮಧ್ಯಾಹ್ನ ಒಳನಾಡಿನ ಕಡೆಗೆ ಮುಖ ಮಾಡುವಂತೆ ದಾರಿ ಹಾಕಿಕೊಂಡರೆ ಗಾಳಿ ಬೆನ್ನಿಗೆ ಬರುತ್ತದೆ. ಕ್ಯಾರಿಯರಿನ ಎರಡು ಪಕ್ಕ ತೂಗುವ ಪ್ಯಾನಿಯರ್ ಚೀಲಗಳು ಹಾಯಿಯಂತೆ ಗಾಳಿ ಹಿಡಿಯುವುದರಿಂದ ಎದುರುಗಾಳಿಯಲ್ಲಿ ಗಂಟೆಗೆ 18 ಕಿ.ಮೀ. ವೇಗ 12ಕ್ಕೆ ಇಳಿದರೆ ಕಾಲನ್ನು ಬೈಯಬೇಡಿ. ಉತ್ತರದಿಂದ ಬರುವ ಟ್ರಮುಂಟಾನಾ ಗಾಳಿ ಬೇರೆಯೇ ಜಾತಿ. ಅದು ದಿನಗಟ್ಟಲೆ ಹೊಡೆಯಬಹುದು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಮೊದಲ ಬಲೆ ಬೆಳಗಿನ ತಿಂಡಿಯಲ್ಲೇ ಇದೆ. ಸುರುಳಿ ಸುತ್ತಿ ಸಕ್ಕರೆಪುಡಿ ಉದುರಿಸಿದ 'ಎನ್ಸೈಮಾದಾ' ಸಿಹಿಬ್ರೆಡ್ಡಿನಂತೆ ಕಾಣುತ್ತದೆ. ಅದರ ಹೆಸರಿನಲ್ಲೇ ಇರುವ 'ಸೈಮ್' ಅಂದರೆ ಹಂದಿಯ ಕೊಬ್ಬು. ಪದರ ಪದರವಾಗಿ ಬಿಡಿಸಿಕೊಳ್ಳುವುದೇ ಅದರಿಂದ. ಸೊಪ್ಪಿನ ಕಡುಬಿನಂತಿರುವ 'ಕೊಕರೋಯ್ಸ್' ಹೂರಣ ಸೊಪ್ಪು, ಒಣದ್ರಾಕ್ಷಿಯದು, ಆದರೆ ಹೊರಗಿನ ಹಿಟ್ಟಿಗೆ ಹಲವೆಡೆ ಅದೇ ಕೊಬ್ಬು ಬೆರೆಸುತ್ತಾರೆ. 'ಸೊಬ್ರಸಾದಾ' ಎಂಬ ಕೆಂಪು ಮುದ್ದೆ ಪೂರ್ತಿ ಹಂದಿಮಾಂಸ. ಎಲೆಕೋಸಿನ 'ಸೋಪೆಸ್' ಕೂಡ ಮಾಂಸ ಬೆರೆತೇ ಬರುವುದುಂಟು.

ನಂಬಬಹುದಾದದ್ದು 'ಪಾ ಅಂಬ್ ಓಲಿ': ದಪ್ಪ ಬ್ರೆಡ್ ಹೋಳಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿದ್ದು. ಮೇಲೆ ಚೀಸ್ ಮಾತ್ರ ಹಾಕಿ ಎನ್ನಿ. 'ತುಂಬೆಟ್' ಬದನೆ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಕರಿದು ಟೊಮೆಟೊ ಸಾರಿನಲ್ಲಿ ಮುಳುಗಿಸಿದ್ದು. ಮೀನು, ಮಾಂಸವನ್ನು ಪಕ್ಕಕ್ಕಿಡುವುದುಂಟು, ಬೇಡ ಎನ್ನಿ. 'ಗಾತೊ' ಬಾದಾಮಿ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಸ್ಪ್ಯಾನಿಷಿನಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿ: "ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ", ಅಂದರೆ ಮಾಂಸ, ಮೀನು, ಕೊಬ್ಬು ಬೇಡ. ಕೊನೆಯ ಪದ ಬಿಟ್ಟರೆ ಕೊಬ್ಬು ಬಂದೇ ಬರುತ್ತದೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ.

ಅಂಗಡಿಯಲ್ಲಿ ಗಾಜಿನ ಜಾಡಿಯ ಬೇಯಿಸಿದ ಕಡಲೆಕಾಳು ಸಿಗುತ್ತದೆ. ಅದಕ್ಕೆ ಟೊಮೆಟೊ, ಈರುಳ್ಳಿ, ನಿಂಬೆರಸ ಸೇರಿಸಿದರೆ ದಾರಿಯೂಟವಾಯಿತು. ಮನೆಯಿಂದ ಚಟ್ನಿಪುಡಿ ಒಯ್ದವರು ಪುಣ್ಯವಂತರು.

ನೀರು, ಅಂಗಡಿ ಎಲ್ಲೆಲ್ಲಿ?

ಬಯಲಿನಲ್ಲಿ ಚಿಂತೆಯಿಲ್ಲ, ಸಮಯ ಮಾತ್ರ ನೋಡಿಕೊಳ್ಳಿ. ಹಳ್ಳಿ ಅಂಗಡಿಗಳು ಮಧ್ಯಾಹ್ನ ಒಂದೂವರೆ–ಎರಡಕ್ಕೆ ಮುಚ್ಚಿದರೆ ತೆರೆಯುವುದು ಸಂಜೆ ಐದಕ್ಕೆ. ಭಾನುವಾರ ಪ್ರವಾಸಿ ಊರುಗಳಾಚೆ ಸೂಪರ್‌ಮಾರ್ಕೆಟ್ ಸಿಗುವುದು ಅಪರೂಪ. ಸಂತೆಯ ದಿನ ಹಿಡಿದು ಹೋದರೆ ಹಣ್ಣು ಅಗ್ಗ: ಸಿನೆವ್‌ನಲ್ಲಿ ಬುಧವಾರ, ಇಂಕಾದಲ್ಲಿ ಗುರುವಾರ, ಸೋಯೆರ್‌ನಲ್ಲಿ ಶನಿವಾರ, ಪೊಯೆನ್ಸಾದಲ್ಲಿ ಭಾನುವಾರ. ಅದೇ ದಿನ ಅದೇ ಊರಿನೊಳಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕಾಗುತ್ತದೆ ಎಂಬುದೂ ನೆನಪಿರಲಿ.

ಬೆಟ್ಟದಲ್ಲಿ ಹಾಗಲ್ಲ. ಲ್ಯುಕ್‌ನಿಂದ ಸೋಯೆರ್‌ವರೆಗಿನ 35 ಕಿ.ಮೀ.ಯಲ್ಲಿ ಊರೆನ್ನುವಂಥದು ಒಂದೂ ಇಲ್ಲ. ಎರಡು ದೊಡ್ಡ ಬಾಟಲಿ ತುಂಬಿಕೊಂಡೇ ಹೊರಡಿ.

## ಬೆಟ್ಟ

ಗೇರು ಎಷ್ಟಿರಬೇಕು? ನಂದು 36–28, ನಡೆಯುತ್ತಾ?

ಲಗೇಜಿನೊಂದಿಗೆ ನಡೆಯುವುದಿಲ್ಲ. ಲೆಕ್ಕ ನೋಡಿ. ಸವಾರ 70, ಸೈಕಲ್ 12, ಲಗೇಜು 15, ಒಟ್ಟು 97 ಕಿಲೋ. ಇಲ್ಲಿನ ಘಾಟಿಗಳ ಸಾಮಾನ್ಯ ಏರು ಶೇ 6–7. ಮೊಣಕಾಲಿಗೆ ನೋವಾಗದಂತೆ ನಿಮಿಷಕ್ಕೆ ಕನಿಷ್ಠ 60 ಸಲ ತುಳಿಯಬೇಕು ಎಂದಿಟ್ಟುಕೊಳ್ಳಿ. ಮುಂದೆ 36, ಹಿಂದೆ 28 ಹಲ್ಲಿನ ಗೇರಿನಲ್ಲಿ 60 ಸಲ ತುಳಿದರೆ ವೇಗ ಗಂಟೆಗೆ 10 ಕಿ.ಮೀ. ಶೇ 7ರ ಏರಿನಲ್ಲಿ ಅದಕ್ಕೆ ಬೇಕಾದ ಶಕ್ತಿ ಸುಮಾರು 200 ವಾಟ್, ಅದೂ ಒಂದು ಗಂಟೆ ಬಿಡುವಿಲ್ಲದೆ. 34–34ರಲ್ಲಿ ವೇಗ 7.7 ಕಿ.ಮೀ., ಶಕ್ತಿ ಸುಮಾರು 155 ವಾಟ್. 24–34ರಲ್ಲಿ 5.5 ಕಿ.ಮೀ., 110 ವಾಟ್. ಇದು ಮಾತಾಡುತ್ತ ಹತ್ತುವ ಮಟ್ಟ.

ಹಾಗಾಗಿ 34–34 ಕನಿಷ್ಠ, ಅದಕ್ಕಿಂತ ಚಿಕ್ಕದಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸುವಾಗ ಡಿರೇಲರ್ ಅಷ್ಟು ಹಲ್ಲನ್ನು ತಾಳುತ್ತದೆಯೇ, ಚೈನ್ ಉದ್ದ ಸಾಲುತ್ತದೆಯೇ ನೋಡಿ. ಚೈನ್ ಗಿಡ್ಡವಿದ್ದು ಮುಂದೆ–ಹಿಂದೆ ಎರಡೂ ದೊಡ್ಡ ಹಲ್ಲುಚಕ್ರಕ್ಕೆ ಬಿದ್ದರೆ ಡಿರೇಲರ್ ಹರಿದುಕೊಂಡು ಬರುತ್ತದೆ.

ದಿನಕ್ಕೆ ಎಷ್ಟು ಕಿಲೋಮೀಟರ್ ಹಾಕ್ಕೋಬಹುದು?

ಕಿಲೋಮೀಟರನ್ನು ಬಯಲಿಗಷ್ಟೇ ಬಳಸಿ: ಲಗೇಜಿನೊಂದಿಗೆ ಗಂಟೆಗೆ 15. ಬೆಟ್ಟದಲ್ಲಿ ಏರುವ ಮೀಟರ್ ಎಣಿಸಿ: ಗಂಟೆಗೆ 400. ಸೋಯೆರ್‌ನಿಂದ ಪುಚ್ ಮಜೋರ್ ಸುರಂಗಕ್ಕೆ ಬರೀ 14 ಕಿ.ಮೀ. ಎಂದು ಮ್ಯಾಪ್ ಹೇಳುತ್ತದೆ. ಏರಿಕೆ ಸುಮಾರು 800 ಮೀ., ಅಂದರೆ ಎರಡು ಗಂಟೆ. ಇಳಿಯುವಾಗಲೂ ತಿರುವು ದಾರಿಯಲ್ಲಿ 25 ಕಿ.ಮೀ. ವೇಗಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ. ದಿನಕ್ಕೆ 1,000 ಮೀ. ಏರಿಕೆ ದಾಟಿದರೆ ಮರುದಿನ ಅರ್ಧ ದಿನದ ಸವಾರಿ ಇಟ್ಟುಕೊಳ್ಳಿ.

ಒಂದು ಒಳ್ಳೆ ದಾರಿ ಹೇಳಿ. ಯಾವ ಕಡೆಯಿಂದ ಸುತ್ತಬೇಕು?

ಬಯಲು ಮೊದಲು, ಬೆಟ್ಟ ಆಮೇಲೆ. ಬೆಟ್ಟದ ಎಂಎ-10 ರಸ್ತೆಯನ್ನು ಪೊಯೆನ್ಸಾದಿಂದ ಅಂದ್ರಾಚ್ ಕಡೆಗೆ ಹಿಡಿಯಿರಿ. ಆಗ ಸೋಯೆರ್‌ನ 14 ಕಿ.ಮೀ. ಏರು ಇಳಿಜಾರಾಗಿ ಸಿಗುತ್ತದೆ. ವಾಹನ ಬಲಗಡೆ ಓಡುವ ದೇಶವಾದ್ದರಿಂದ ಕಡಲೂ ನಿಮ್ಮ ಮಗ್ಗುಲಲ್ಲೇ ಇರುತ್ತದೆ, ನೋಡಲು ರಸ್ತೆ ದಾಟಬೇಕಿಲ್ಲ.

ಮೊದಲ ದಿನ ಪಾಲ್ಮಾದಿಂದ ಸಿನೆವ್ ದಾಟಿ ಪೆತ್ರಾ, 50 ಕಿ.ಮೀ. ಎರಡನೆಯ ದಿನ ಮನಕೋರ್, ಹಸಿರುಪಥದಲ್ಲಿ ಅರ್ತಾ, 40. ಮೂರನೆಯ ದಿನ ಅಲ್ಕುದಿಯಾ ಕೊಲ್ಲಿಯ ಅಂಚಿನಲ್ಲಿ, ಸಲ್ಬುಫೇರಾ ಜೌಗುಭೂಮಿಯ ಪಕ್ಕ ಹಾದು ಪೋರ್ಟ್ ದೆ ಪೊಯೆನ್ಸಾ, 50. ಅಲ್ಲಿ ಎರಡು ರಾತ್ರಿ: ನಾಲ್ಕನೆಯ ದಿನ ಲಗೇಜು ಕೋಣೆಯಲ್ಲಿ ಬಿಟ್ಟು ಫೊರ್ಮೆಂಟೋರ್ ದೀಪಸ್ತಂಭ, ಹೋಗಿಬರಲು 40. ಐದನೆಯ ದಿನ ಫೆಮೆನಿಯಾ ಘಾಟಿ ಹತ್ತಿ ಲ್ಯುಕ್, 25ರ ಆಸುಪಾಸು, ಅಷ್ಟೇ ಸಾಕು. ಲ್ಯುಕ್‌ನಲ್ಲೂ ಎರಡು ರಾತ್ರಿ: ಆರನೆಯ ದಿನ ಬರಿ ಸೈಕಲಿನಲ್ಲಿ ಸಾ ಕಲೋಬ್ರಾ, 45. ಏಳನೆಯ ದಿನ ಸೋಯೆರ್, 35. ಎಂಟನೆಯ ದಿನ ದೆಯಾ, ವಾಲ್ದೆಮೊಸ್ಸಾ ದಾಟಿ ಎಸ್ತೆಯೆಂಕ್ಸ್, 45. ದಾರಿಯಲ್ಲಿ ಬನ್ಯಾಲ್ಬುಫಾರ್‌ನ ಮೆಟ್ಟಿಲುಗದ್ದೆಗಳು ಕಡಲಿನವರೆಗೆ ಇಳಿಯುತ್ತವೆ. ಒಂಬತ್ತನೆಯ ದಿನ ಅಂದ್ರಾಚ್ ಮೂಲಕ ಪಾಲ್ಮಾ.

ಎರಡೆರಡು ರಾತ್ರಿಯ ಆ ಎರಡು ತಂಗುದಾಣಗಳನ್ನು ಮಾತ್ರ ಉಳಿಸಿಕೊಳ್ಳಿ, ಉಳಿದದ್ದನ್ನು ಹೇಗೆ ಬೇಕಾದರೂ ಬದಲಿಸಿ. ಫೊರ್ಮೆಂಟೋರ್, ಸಾ ಕಲೋಬ್ರಾ ಎರಡೂ ಕಡಲಲ್ಲಿ ಮುಗಿಯುವ ರಸ್ತೆಗಳು. ಹೋದ ದಾರಿಯಲ್ಲೇ ವಾಪಸು ಬರುವಾಗ ಒದ್ದೆ ಬಟ್ಟೆ, ಚಾರ್ಜರುಗಳನ್ನು ಹೊತ್ತು ತಿರುಗುವುದೇಕೆ?

ಸಾ ಕಲೋಬ್ರಾ ಅಷ್ಟೊಂದು ಹೆಸರುವಾಸಿ ಯಾಕೆ? ನಮ್ಮಂಥವರಿಗೆ ಆಗುತ್ತಾ?

1932ರಲ್ಲಿ ಮುಗಿದ ರಸ್ತೆ, ಇಂಜಿನಿಯರ್ ಆಂಟೋನಿಯೊ ಪರಿಯೆಟ್ಟಿಯದು. ಬೆಟ್ಟ ಕೊರೆದು ಸುರಂಗ ಮಾಡದೆ ರಸ್ತೆಯನ್ನು ಹಾವಿನಂತೆ ಹರಿಯಬಿಟ್ಟರು. 26 ಹೇರ್‌ಪಿನ್ ತಿರುವುಗಳು. ಒಂದು ಕಡೆ ಇಳಿಜಾರು ಸಾಲದೆ ಬಂದಾಗ ರಸ್ತೆ ತನ್ನನ್ನೇ ಸುತ್ತಿ ತನ್ನದೇ ಸೇತುವೆಯ ಕೆಳಗೆ ನುಸುಳುತ್ತದೆ. ಅದಕ್ಕೆ ಅಲ್ಲಿ 'ಟೈ ಗಂಟು' ಎಂದೇ ಹೆಸರು. ಕಡಲಿನಿಂದ 682 ಮೀ. ಎತ್ತರದ ರೆಯ್ಸ್ ಘಾಟಿಗೆ ಒಂಬತ್ತೂವರೆ ಕಿ.ಮೀ., ಸರಾಸರಿ ಏರು ಶೇ 7. ಚಿಕ್ಕ ಗೇರಿದ್ದರೆ ಒಂದೂವರೆಯಿಂದ ಒಂದೂಮುಕ್ಕಾಲು ಗಂಟೆ. ಖಂಡಿತ ಆಗುತ್ತದೆ.

ಇಲ್ಲಿನ ವಿಚಿತ್ರವೆಂದರೆ ಇಳಿಯುವುದು ಮೊದಲು, ಹತ್ತುವುದು ಆಮೇಲೆ. ಬೆಳಗ್ಗೆ ಒಂಬತ್ತರೊಳಗೆ ಇಳಿಯಲು ಶುರುಮಾಡಿ. ಹೊತ್ತೇರಿದ ಮೇಲೆ ಪ್ರವಾಸಿ ಬಸ್ಸುಗಳು ಬರುತ್ತವೆ. ಹೇರ್‌ಪಿನ್‌ನಲ್ಲಿ ಒಂದು ಬಸ್ ತಿರುಗಲು ರಸ್ತೆಯ ಇಡೀ ಅಗಲ ಬೇಕು, ಆಗ ಸೈಕಲಿನವರು ತಿರುವಿನ ಮೊದಲೇ ನಿಂತುಬಿಡಬೇಕು. ಬಂಡೆಗಳ ನಡುವೆ ದಾರಿ ಕಿರಿದಾಗುವಲ್ಲೂ ಅಷ್ಟೇ. ಕಾಡುಮೇಕೆಗಳು ರಸ್ತೆಯಲ್ಲೇ ಮಲಗಿರುತ್ತವೆ, ಗಂಟೆ ಬಾರಿಸಿದರೂ ಏಳುವುದಿಲ್ಲ. ಕೆಳಗೆ ಟೊರೆಂಟ್ ದೆ ಪರೆಯ್ಸ್ ಕಮರಿಯ ಬಾಯಿಗೆ ನಡೆದೇ ಹೋಗಬೇಕು. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಬೂಟಿನಲ್ಲಿ ಉರುಟುಕಲ್ಲಿನ ಮೇಲೆ ಜಾರುತ್ತೀರಿ, ಚಪ್ಪಲಿ ಒಯ್ಯಿರಿ.

ಇಳಿಜಾರಲ್ಲಿ ಬ್ರೇಕ್ ಹಿಡಿದು ಹಿಡಿದು ಕೈ ಸೋತುಹೋಗುತ್ತೆ, ಸುಟ್ಟ ವಾಸನೆ ಬೇರೆ. ಏನು ತಪ್ಪು?

ಉದ್ದಕ್ಕೂ ಮೆಲ್ಲಗೆ ಹಿಡಿದೇ ಇರುವುದು ತಪ್ಪು. 97 ಕಿಲೋ ಭಾರ ಸುಮಾರು 680 ಮೀ. ಇಳಿದರೆ ಹೊರಬೀಳುವ ಶಕ್ತಿ ಎರಡು ಲೀಟರ್ ನೀರನ್ನು ಕುದಿಸುವಷ್ಟು. ನಿಧಾನ ಇಳಿದರೆ ಗಾಳಿ ಅದರಲ್ಲಿ ಸ್ವಲ್ಪವನ್ನಷ್ಟೇ ತಿನ್ನುತ್ತದೆ, ಉಳಿದದ್ದೆಲ್ಲ ಬ್ರೇಕಿಗೆ. ರಿಮ್ ಬ್ರೇಕಾದರೆ ರಿಮ್ ಕಾದು ಒಳಗಿನ ಟ್ಯೂಬ್ ಒಡೆಯುತ್ತದೆ, ಸಾಮಾನ್ಯವಾಗಿ ಕಡಿದಾದ ತಿರುವಿಗೆ ನಿಂತಾಗಲೇ. ಡಿಸ್ಕಾದರೆ ಪ್ಯಾಡಿನ ಮೇಲ್ಮೈ ಹೊಳಪುಗಟ್ಟಿ ಹಿಡಿತ ಹೋಗುತ್ತದೆ.

ನೇರದಲ್ಲಿ ಬಿಡಿ, ತಿರುವಿಗೆ 20–30 ಮೀ. ಮೊದಲು ಎರಡೂ ಬ್ರೇಕ್ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಕಣ್ಣು ತಿರುವಿನ ಹೊರದಾರಿಯ ಮೇಲಿರಲಿ, ಹೊರಗಾಲಿನ ಪೆಡಲ್ ಕೆಳಗಿರಲಿ. ಲಿವರನ್ನು ಬಾಗಿದ ಹ್ಯಾಂಡಲಿನ ಕೆಳಭಾಗದಿಂದ ಹಿಡಿದರೆ ಎರಡು ಬೆರಳು ಸಾಕು. ಐದು ಕಿ.ಮೀ.ಗೊಮ್ಮೆ ನಿಂತು ಐದು ನಿಮಿಷ ಆರಲು ಬಿಡಿ. ರಿಮ್ ಅಥವಾ ಡಿಸ್ಕ್ ಮುಟ್ಟಿ ನೋಡಬೇಡಿ, ಬೊಬ್ಬೆ ಬರುತ್ತದೆ. ಮೇಲೆ ಎರಡು ಹನಿ ನೀರು ಬಿಟ್ಟು ನೋಡಿ, ಚುಂಯ್ ಎಂದರೆ ಇನ್ನೂ ನಿಲ್ಲಿ.

ಸುರಂಗಗಳಲ್ಲಿ ಸೈಕಲ್ ಬಿಡ್ತಾರಾ?

ಪಾಲ್ಮಾ–ಸೋಯೆರ್ ನಡುವಿನ ಸುಮಾರು 3 ಕಿ.ಮೀ. ಸುರಂಗದಲ್ಲಿ ಬಿಡುವುದಿಲ್ಲ. ಅದರ ಮೇಲಿನ ಹಳೆಯ ಸೋಯೆರ್ ಘಾಟಿ, 497 ಮೀ., ಸೈಕಲಿನವರ ದಾರಿ. ಕಾರುಗಳೆಲ್ಲ ಸುರಂಗ ಹಿಡಿಯುವುದರಿಂದ ಘಾಟಿ ನಿಶ್ಶಬ್ದ. ಎಂಎ-10ರಲ್ಲಿ ಗೋರ್ಗ್ ಬ್ಲಾವ್ ಜಲಾಶಯದ ಹತ್ತಿರ ಮತ್ತು ಪುಚ್ ಮಜೋರ್ ತುದಿಯಲ್ಲಿ ಸಿಗುವ ಸುರಂಗಗಳಲ್ಲಿ ಹೋಗಬಹುದು. ಫೊರ್ಮೆಂಟೋರ್ ದಾರಿಯ ಸುರಂಗದೊಳಗೆ ದೀಪವಿಲ್ಲ. ಹೊರಗಿನ ಬಿಸಿಲಿನಿಂದ ಒಳಹೊಕ್ಕ ಕೂಡಲೇ ಕಣ್ಣು ಕತ್ತಲಾಗುತ್ತದೆ: ತಂಪು ಕನ್ನಡಕ ತೆಗೆಯಿರಿ, ದೀಪವನ್ನು ಮೊದಲೇ ಹಚ್ಚಿ.

ರಾತ್ರಿ ಎಲ್ಲಿ ಉಳಿಯೋದು? ಟೆಂಟ್ ಹಾಕಬಹುದಾ?

ಕಂಡಲ್ಲಿ ಟೆಂಟ್ ಹಾಕುವುದು ನಿಷಿದ್ಧ. ದ್ವೀಪದ ವಿಶೇಷ ಸೌಲಭ್ಯ ಬೆಟ್ಟದ ಮೇಲಿನ ಮಠಗಳು. ಲ್ಯುಕ್ ಮಠದಲ್ಲಿ ಕೋಣೆಗಳಿವೆ, ಮುಂಗಡ ಬುಕ್ ಮಾಡಬೇಕು. ಹಗಲಿನ ಬಸ್ಸುಗಳು ಹೋದ ಮೇಲೆ ಅಲ್ಲಿ ಉಳಿದವರಷ್ಟೇ. ರಾತ್ರಿಯೂಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೋದ ತಕ್ಷಣ ಕೇಳಿಕೊಳ್ಳಿ, ಬೇರೆ ಅಂಗಡಿ ಹತ್ತಿರದಲ್ಲಿಲ್ಲ. ಬಯಲಿನ ನಡುವಿನ ರಾಂದಾ ಗುಡ್ಡದ ಕುರಾ, ಫೆಲಾನಿಚ್ ಬಳಿಯ ಸಾಂತ್ ಸಾಲ್ವದೋರ್ ಕೂಡ ಇಂಥವೇ. ಎರಡಕ್ಕೂ ದಿನದ ಕೊನೆಗೆ ಐದು ಕಿ.ಮೀ. ಏರು ಬಾಕಿ ಇರುತ್ತದೆ. ಚಾರಣಿಗರ ತಂಗುಮನೆಗಳಲ್ಲಿ ಸಾಲುಮಂಚ ಸಿಗುತ್ತದೆ. ಎಲ್ಲ ಕಡೆ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆ ಬೇರೆ ಕೊಡಬೇಕು.

## ಅನುಭವಿಗಳು ಕೇಳುವುದು

ಟೈರಿಗೆ ಎಷ್ಟು ಗಾಳಿ? ಲಗೇಜು ಎಲ್ಲಿ ಎಷ್ಟು?

ಮೇಲೆ ಹೇಳಿದ 97 ಕಿಲೋ ಭಾರಕ್ಕೆ, 32 ಮಿ.ಮೀ. ಟೈರಿಗೆ, ಹಿಂದೆ ಸುಮಾರು 65 ಪಿಎಸ್‌ಐ, ಮುಂದೆ 55. ಟೈರಿನ ಪಕ್ಕದಲ್ಲಿ ಮುದ್ರಿಸಿದ ಮಿತಿ ದಾಟಬೇಡಿ. ಎಲ್ಲ ಭಾರ ಹಿಂದೆಯೇ ಕಟ್ಟಿದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ತೇಲಾಡುತ್ತದೆ, ಇಳಿಜಾರಿನಲ್ಲಿ ಹಿಂಭಾಗ ಅಲ್ಲಾಡುತ್ತದೆ. ಮೂರ್ನಾಲ್ಕು ಕಿಲೋ ಹ್ಯಾಂಡಲ್ ಚೀಲಕ್ಕೆ ಬರಲಿ. ಉಪಕರಣ, ಬೀಗದಂಥ ಗಟ್ಟಿ ಭಾರ ಪ್ಯಾನಿಯರ್ ತಳದಲ್ಲಿ, ಚಕ್ರದ ಅಚ್ಚಿಗೆ ಹತ್ತಿರ ಇರಲಿ. ಕ್ಯಾರಿಯರ್ ಬೋಲ್ಟುಗಳನ್ನು ದಿನಾ ಬೆಳಗ್ಗೆ ಒಮ್ಮೆ ಬಿಗಿ ನೋಡಿ.

ಬಿಡಿಭಾಗ ಏನೇನು ಒಯ್ಯಬೇಕು?

ಅಂಗಡಿಯಲ್ಲಿ ಸುಲಭವಾಗಿ ಸಿಗದ ಮೂರು ವಸ್ತು ಮೊದಲು: ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್, ನಿಮ್ಮ ಚಕ್ರದ ಕಡ್ಡಿಯಷ್ಟೇ ಉದ್ದದ ಮೂರು ಬದಲಿ ಕಡ್ಡಿ, ನಿಮ್ಮ ಬ್ರೇಕಿನ ಪ್ಯಾಡ್ ಒಂದು ಜೊತೆ. ಆಮೇಲೆ ಎರಡು ಟ್ಯೂಬ್, ಪ್ಯಾಚು, ಒಂದು ಗೇರ್ ವೈರ್, ಚೈನಿನ ಕ್ವಿಕ್ ಲಿಂಕ್, ಚೈನ್ ಕಟ್ಟರ್ ಇರುವ ಮಲ್ಟಿಟೂಲ್, ಟೈರ್ ಸೀಳಿದರೆ ಒಳಗಿಡಲು ಹಳೇ ಟೈರಿನ ತುಂಡು. ಇಲ್ಲಿ ಚಾರ್ಜರಿಗೆ ಎರಡು ದುಂಡು ಪಿನ್ನಿನ ಸಾಕೆಟ್. ನಮ್ಮ ಮೊಬೈಲ್ ಚಾರ್ಜರಿನ ತೆಳು ಪಿನ್ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಘಾಟಿ ನಡುವೆ ಹಿಂದಿನ ಚಕ್ರದ ಕಡ್ಡಿ ಮುರಿದ್ರೆ?

ಮುರಿಯುವುದು ಹೆಚ್ಚಾಗಿ ಕ್ಯಾಸೆಟ್ ಬದಿಯದೇ, ಏಕೆಂದರೆ ಎಳೆತ ಹೆಚ್ಚಿರುವುದು ಅಲ್ಲಿ. ಅದನ್ನು ಬದಲಿಸಲು ಕ್ಯಾಸೆಟ್ ಬಿಚ್ಚಬೇಕು, ರಸ್ತೆಯಲ್ಲಿ ಅದು ಆಗದ ಮಾತು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಟೇಪಿನಿಂದ ಕಟ್ಟಿ. ಚಕ್ರ ತಿರುಗಿಸಿ ನೋಡಿ: ಮುರಿದ ಜಾಗದಲ್ಲಿ ರಿಮ್ ಎಡಕ್ಕೆ ವಾಲಿರುತ್ತದೆ. ಆ ಜಾಗದ ಎರಡು ಪಕ್ಕದ ಎಡಬದಿ ಕಡ್ಡಿಗಳ ನಿಪ್ಪಲನ್ನು (ರಿಮ್ಮಿನ ಬಳಿಯ ತಿರುಪು) ಅರ್ಧ ಸುತ್ತು ಸಡಿಲಿಸಿ, ಮತ್ತೆ ನೋಡಿ, ಬೇಕಾದರೆ ಇನ್ನರ್ಧ. ಫ್ರೇಮಿಗೆ ಉಜ್ಜದಷ್ಟು ನೇರವಾದರೆ ಸಾಕು. ರಿಮ್ ಬ್ರೇಕಾದರೆ ಅದನ್ನು ಸ್ವಲ್ಪ ತೆರೆದಿಡಿ. ಒಂದು ಪ್ಯಾನಿಯರನ್ನು ಜೊತೆಗಾರರಿಗೆ ದಾಟಿಸಿ, ಸೀಟಿನಿಂದ ಎದ್ದು ತುಳಿಯಬೇಡಿ.

ಬೆಟ್ಟದಲ್ಲಿ ಮಳೆ ಹಿಡಿದರೆ ತಪ್ಪಿಸಿಕೊಳ್ಳೋ ದಾರಿ ಯಾವುದು?

ಲ್ಯುಕ್‌ನಲ್ಲಿದ್ದರೆ ಸುಲಭ. ಬಟಾಯಾ ಘಾಟಿಯ ಪೆಟ್ರೋಲ್ ಬಂಕ್ ಪಕ್ಕದಿಂದ ಕೈಮಾರಿಗೆ ಎಂಟು ಕಿ.ಮೀ. ಇಳಿಜಾರು, ಶೇ 5ರ ಹದವಾದ ದಾರಿ. ಅಲ್ಲಿಂದ ಇಂಕಾ, ಇಂಕಾದಿಂದ ಪಾಲ್ಮಾ, ಸಾ ಪೊಬ್ಲಾ, ಮನಕೋರ್‌ಗಳಿಗೆ ರೈಲು. ರೈಲಿನಲ್ಲಿ ಸೈಕಲ್ ಒಯ್ಯಬಹುದು, ಕಚೇರಿ ಹೊತ್ತಿನ ಜನಜಂಗುಳಿಯಲ್ಲಿ ಹತ್ತಿಸದೇ ಇರಬಹುದು. ಸೋಯೆರ್‌ನಲ್ಲಿ ಸಿಕ್ಕಿಬಿದ್ದರೆ ಆಯ್ಕೆ ಕಡಿಮೆ: 1912ರಿಂದ ಓಡುತ್ತಿರುವ ಮರದ ರೈಲನ್ನು ಲಗೇಜಿನ ಸೈಕಲಿಗೆ ನೆಚ್ಚಿಕೊಳ್ಳಬೇಡಿ, ಸುರಂಗ ನಿಷಿದ್ಧ. ಘಾಟಿ ಹತ್ತಿ, ಇಲ್ಲವೇ ದೊಡ್ಡ ಟ್ಯಾಕ್ಸಿ ಕರೆಸಿ.

ಒದ್ದೆ ಇಳಿಜಾರಿನಲ್ಲಿ ಹೆಚ್ಚು ಜಾರುವುದು ಓಕ್ ಮರಗಳ ನೆರಳಿನಲ್ಲಿ, ರಸ್ತೆಯ ಬಿಳಿಗೆರೆಯ ಮೇಲೆ, ಬೇಸಿಗೆಯ ನಂತರದ ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ. ಟೈರ್ ಗಾಳಿ ಐದು ಪಿಎಸ್‌ಐ ಇಳಿಸಿ. ಹೊರಡುವ ಮುಂಚೆಯೇ ಒಣ ಬನಿಯನ್, ಪೂರ್ತಿ ಬೆರಳಿನ ಗ್ಲೌಸ್ ಹಾಕಿಕೊಳ್ಳಿ. ಅರ್ಧ ದಾರಿಯಲ್ಲಿ ಬೆರಳು ಸೆಟೆದ ಮೇಲೆ ಚೀಲದ ಬಕಲ್ ಕೂಡ ಬಿಚ್ಚಲು ಬರುವುದಿಲ್ಲ.